ಗೆದ್ದ ಊರಿನಿಂದ ಕಲಿತ ಪಾಠ

ಒಬ್ಬನ ಬುದ್ಧಿಗೆ ಹೊಳೆದ ವಿಚಾರವು ನೂರಾರು ಜನರ ಕೈಕೆಲಸವಾಗುವುದು ಹೇಗೆ? ನಮ್ಮ ಕಾಲೇಜು ಕಚೇರಿಗಳಿಗೆ ಇದೊಂದು ಹೊಸ ಪ್ರಶ್ನೆಯೆಂದು ತೋರಬಹುದು. ಮಲಪ್ರಭೆಯ ತೀರದ ಕಲ್ಲುಕುಟಿಗರು 1200 ವರ್ಷಗಳಿಗೂ ಹಿಂದೆಯೇ ಇದನ್ನು ಎದುರಿಸಿದ್ದರು.

ಹುನಗುಂದ ತಾಲ್ಲೂಕಿನ ಐಹೊಳೆಗೆ ಹೋದವರು ಲಾಡಖಾನ್ ಗುಡಿಯ ಮಾಡನ್ನು ನೋಡಬೇಕು. ಇಳಿಜಾರಾಗಿ ಹಾಸಿದ ಚಪ್ಪಡಿಗಳ ಸಂದುಗಳ ಮೇಲೆ, ಮರದ ಪಟ್ಟಿಗಳನ್ನು ಬಡಿದಂತೆ, ಉದ್ದನೆಯ ಕಲ್ಲುಗಳನ್ನಿಟ್ಟಿದ್ದಾರೆ. ಕೈ ಕಲ್ಲಿಗೆ ಬಂದಿದ್ದರೂ ಮನಸ್ಸು ಇನ್ನೂ ಮರಗೆಲಸದಲ್ಲಿದ್ದಿತು. ಸಮೀಪದ ದುರ್ಗಾ ಗುಡಿಯ ಹಿಂಭಾಗವು ಆನೆಯ ಬೆನ್ನಿನಂತೆ ದುಂಡಾಗಿದೆ; ಆ ಆಕಾರವು ಮುಂದೆ ಈ ನಾಡಿನಲ್ಲಿ ರೂಢಿಗೆ ಬರಲಿಲ್ಲ. ಹೀಗೆ ಮಾಡಿ ನೋಡಿ, ಕೆಲವನ್ನು ಉಳಿಸಿಕೊಂಡು ಕೆಲವನ್ನು ಬಿಟ್ಟು, ಕಸಬು ಬೆಳೆಯಿತು.

ಕ್ರಿ. ಶ. 642ರ ಸುಮಾರಿನಲ್ಲಿ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ಹಿಡಿದು, ಅಲ್ಲಿನ ಬಂಡೆಯ ಮೇಲೆಯೇ ತನ್ನ ಶಾಸನವನ್ನು ಕೆತ್ತಿಸಿದನು. ಸುಮಾರು ನೂರು ವರ್ಷಗಳ ಮೇಲೆ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನು ಪಲ್ಲವರ ಕಂಚಿಯನ್ನು ಗೆದ್ದನು. ಸೇಡಿಗೆ ಕಾರಣವೇನೋ ಇದ್ದಿತು. ಆದರೂ ರಾಜಸಿಂಹೇಶ್ವರ ದೇವಾಲಯದ ಸಂಪತ್ತನ್ನು ಅವನು ದೇವರಿಗೇ ಬಿಟ್ಟುಕೊಟ್ಟನೆಂದು ಆ ಗುಡಿಯ ಕನ್ನಡ ಶಾಸನವೇ ಸಾರುತ್ತದೆ. ಅವನು ಅಲ್ಲಿಂದ ತಂದುದು ಕಣ್ಣಿಗೆ ಕಂಡ ವಿದ್ಯೆಯನ್ನು.

ಆ ವಿಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಲೋಕೇಶ್ವರ ದೇವಾಲಯದಲ್ಲಿ, ಎಂದರೆ ಇಂದಿನ ವಿರೂಪಾಕ್ಷದಲ್ಲಿ, ಕಂಚಿಯ ಛಾಯೆಯನ್ನು ವಿದ್ವಾಂಸರು ಗುರುತಿಸಿದ್ದಾರೆ. ಅದನ್ನು ಕಟ್ಟಿದವನು ಗುಂಡ ಅನಿವಾರಿತಾಚಾರಿ. ಅನಿವಾರಿತ ಎಂಬುದು ಅರಸನದೇ ಬಿರುದು. ಈ ಸೂತ್ರಧಾರಿಗೆ ತ್ರಿಭುವನಾಚಾರಿ ಎಂಬ ಹೆಸರನ್ನೂ ಕೊಟ್ಟು, ಅದನ್ನು ಗುಡಿಯ ಕಲ್ಲಿನಲ್ಲಿಯೇ ಬರೆಯಿಸಿದರು. ಪಕ್ಕದಲ್ಲಿಯೇ ತ್ರೈಲೋಕ್ಯಮಹಾದೇವಿಯು ಕಟ್ಟಿಸಿದ ಗುಡಿ, ಇಂದಿನ ಮಲ್ಲಿಕಾರ್ಜುನ, ಬಹುಮಟ್ಟಿಗೆ ಅದೇ ಮಾದರಿಯದು. ಒಮ್ಮೆ ಸಾಧಿಸಿದುದನ್ನು ಮತ್ತೊಮ್ಮೆ ಸಾಧಿಸುವ ಶಕ್ತಿ ಆ ಕಸಬಿಗೆ ಬಂದಿದ್ದಿತು.

ಇಂದು ನಾವು ಸಮಿತಿಯ ವರದಿಯನ್ನು ಬೀರುವಿನಲ್ಲಿಟ್ಟು ಕಲಿತೆವೆಂದುಕೊಳ್ಳುತ್ತೇವೆ. ಬಲ್ಲವನೊಬ್ಬನು ನಿವೃತ್ತನಾದೊಡನೆ ಅವನ ವಿದ್ಯೆಯೂ ಹೊರಟುಹೋಗುತ್ತದೆ. ಹಗೆಯಿಂದಲೂ ಕಲಿಯುವ ವಿನಯ, ಮಾಡಿ ನೋಡುವವನಿಗೆ ಅವಕಾಶ, ಮಾಡಿದವನ ಹೆಸರಿಗೆ ಗೌರವ, ಈ ಮೂರನ್ನು ಮುಂದಾಳುಗಳು ಒದಗಿಸಿದರೆ ಉಳಿದ ಕೆಲಸವನ್ನು ಕೈಗಳು ಮಾಡಿಯಾವು. ಪಟ್ಟದಕಲ್ಲು ಅದಕ್ಕೆ ಇನ್ನೂ ಸಾಕ್ಷಿಯಾಗಿ ನಿಂತಿದೆ.