ಗಡಿ ಮೊದಲೋ ಜನ ಮೊದಲೋ: ಹಿಂದೂಪುರ–ಕಲ್ಯಾಣದುರ್ಗ ಸೀಮೆಯ ಹಿನ್ನೆಲೆಯಲ್ಲಿ ರಾಜ್ಯದ ಮೂಲಾಂಶಗಳ ಮರುಪರಿಶೀಲನೆ

ರಾಜ್ಯಶಾಸ್ತ್ರದ ಪ್ರವೇಶ ಗ್ರಂಥಗಳು ರಾಜ್ಯವನ್ನು ಜನಸಮುದಾಯ, ಭೂಪ್ರದೇಶ, ಸರ್ಕಾರ ಮತ್ತು ಪರಮಾಧಿಕಾರ ಎಂಬ ನಾಲ್ಕು ಮೂಲಾಂಶಗಳ ಮೂಲಕ ಪರಿಚಯಿಸುತ್ತವೆ. ಗಾರ್ನರ್ ಅವರ ಪಠ್ಯ ಬಳಕೆಗೆ ತಂದ ಈ ಕ್ರಮವನ್ನು 1933ರ ಮಾಂಟೆವಿಡಿಯೊ ಒಪ್ಪಂದವೂ ಅಲ್ಪ ವ್ಯತ್ಯಾಸದೊಂದಿಗೆ ಸ್ವೀಕರಿಸಿತು. ನಿರ್ದಿಷ್ಟ ಪ್ರದೇಶದೊಳಗೆ ಬಲಪ್ರಯೋಗದ ನ್ಯಾಯಸಮ್ಮತ ಏಕಸ್ವಾಮ್ಯ ಹೊಂದಿದ ಸಂಸ್ಥೆಯೇ ರಾಜ್ಯವೆಂದ ಮ್ಯಾಕ್ಸ್ ವೇಬರ್ ಅವರ 1919ರ ವಿವರಣೆಯಲ್ಲೂ ಪ್ರದೇಶಕ್ಕೆ ಮುಖ್ಯ ಸ್ಥಾನವಿದೆ. ಸರ್ಕಾರವೆಂದರೆ ರಾಜ್ಯದ ಇಚ್ಛೆಯನ್ನು ಕಾರ್ಯಗತಗೊಳಿಸುವ ಯಂತ್ರ, ರಾಷ್ಟ್ರವೆಂದರೆ ತಾವು ಒಂದು ಎಂಬ ಭಾವನೆಯಿಂದ ಬೆಸೆದ ಜನಸಮುದಾಯ ಎಂಬ ವ್ಯತ್ಯಾಸಗಳ ಬಗೆಗೂ ವಿದ್ವಾಂಸರಲ್ಲಿ ಹೆಚ್ಚಿನ ತಕರಾರಿಲ್ಲ.

ತಕರಾರಿರುವುದು ಮೊದಲ ಎರಡು ಅಂಶಗಳ ಪರಸ್ಪರ ಸಂಬಂಧದ ಬಗ್ಗೆ. ಜಾನ್ ಸ್ಟುವರ್ಟ್ ಮಿಲ್ 1861ರಲ್ಲಿ ಪ್ರಾತಿನಿಧಿಕ ಸರ್ಕಾರವನ್ನು ಕುರಿತು ಬರೆಯುತ್ತ, ಬೇರೆ ಬೇರೆ ಭಾಷೆಗಳನ್ನು ಓದುವ, ಆಡುವ ಜನ ಒಂದೇ ಆಳ್ವಿಕೆಯಲ್ಲಿರುವಲ್ಲಿ ಏಕರೂಪದ ಲೋಕಾಭಿಪ್ರಾಯ ಬೆಳೆಯಲಾರದೆಂದೂ, ಆದ್ದರಿಂದ ಸರ್ಕಾರದ ಎಲ್ಲೆಯು ಸ್ಥೂಲವಾಗಿ ರಾಷ್ಟ್ರೀಯತೆಯ ಎಲ್ಲೆಯೊಂದಿಗೆ ಹೊಂದಿಕೊಳ್ಳಬೇಕೆಂದೂ ವಾದಿಸಿದರು. ಮರುವರ್ಷವೇ ಲಾರ್ಡ್ ಆಕ್ಟನ್ ಇದನ್ನು ವಿರೋಧಿಸಿ, ಹಲವು ಜನಾಂಗಗಳು ಕೂಡಿ ಬಾಳುವ ರಾಜ್ಯದಲ್ಲಿಯೇ ಸ್ವಾತಂತ್ರ್ಯ ಹೆಚ್ಚು ಸುರಕ್ಷಿತವೆಂದರು. ಆದರೆ ಇಬ್ಬರ ವಾದದಲ್ಲೂ ಗಡಿಗಿಂತ ಮೊದಲೇ ‘ಜನ’ ಎಂಬುದೊಂದು ಇರುತ್ತದೆ ಎಂಬ ನಂಬಿಕೆಯಿದೆ. ಜನ ಯಾರೆಂಬುದನ್ನು ಮತ್ತೊಬ್ಬರು ನಿರ್ಧರಿಸದ ಹೊರತು ಜನ ಯಾವುದನ್ನೂ ನಿರ್ಧರಿಸಲಾರರೆಂದು ಐವರ್ ಜೆನಿಂಗ್ಸ್ 1956ರಲ್ಲಿ ಎತ್ತಿದ ಆಕ್ಷೇಪವು ಈ ನಂಬಿಕೆಯ ಬುಡವನ್ನೇ ಅಲುಗಿಸುತ್ತದೆ. ಹಿಂದೂಪುರ ಮತ್ತು ಕಲ್ಯಾಣದುರ್ಗಗಳ ನಡುವಿನ ಸೀಮೆಯು ಈ ಆಕ್ಷೇಪವನ್ನು ಸಮರ್ಥಿಸುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ.

ನಕ್ಷೆಯಲ್ಲಿ ಈ ಎರಡು ಪಟ್ಟಣಗಳ ನಡುವೆ ನೇರ ಗೆರೆಯೊಂದನ್ನು ಎಳೆದರೆ, ಎರಡೂ ಆಂಧ್ರ ಪ್ರದೇಶದಲ್ಲಿದ್ದರೂ, ಆ ಗೆರೆ ಕರ್ನಾಟಕದ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕನ್ನು ಹಾದುಹೋಗುತ್ತದೆ. ಆಂಧ್ರದ ನೆಲದೊಳಕ್ಕೆ ಚಾಚಿಕೊಂಡಿರುವ ಪಾವಗಡದಲ್ಲಿ ತೆಲುಗು ಮಾತು ವ್ಯಾಪಕವಾಗಿದೆ. ಹಿಂದೂಪುರದ ಪಶ್ಚಿಮಕ್ಕೆ ಕರ್ನಾಟಕದೊಳಕ್ಕೆ ಚಾಚಿಕೊಂಡಿರುವ ಮಡಕಶಿರ ಸೀಮೆಯಲ್ಲಿ, ಅಂದರೆ ರೊಳ್ಳ, ಅಗಳಿ, ಗುಡಿಬಂಡೆ, ಅಮರಾಪುರಂ ಮಂಡಲಗಳಲ್ಲಿ, ಕನ್ನಡವೇ ಮನೆಮಾತು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಇಂದಿನ ಹೇಮಾವತಿ, ಇರುವುದು ಇದೇ ಅಮರಾಪುರಂ ಮಂಡಲದಲ್ಲಿ. ಭಾಷೆಯೊಂದೇ ಗಡಿಯನ್ನು ನಿರ್ಧರಿಸಿದ್ದಿದ್ದರೆ ಈ ಎರಡು ಸೀಮೆಗಳ ರಾಜ್ಯಗಳು ಅದಲುಬದಲಾಗಿರಬೇಕಿತ್ತು.

ಹಾಗಾಗದಿರಲು ಕಾರಣ ಹದಿನೆಂಟನೆಯ ಶತಮಾನದ ಕೊನೆಯ ಯುದ್ಧಗಳಲ್ಲಿದೆ. 1792 ಮತ್ತು 1799ರಲ್ಲಿ ಟಿಪ್ಪುವಿನಿಂದ ಪಡೆದ ಪ್ರದೇಶಗಳನ್ನು ಹೈದರಾಬಾದಿನ ನಿಜಾಮನು 1800ರ ಅಕ್ಟೋಬರ್‌ನಲ್ಲಿ, ಸೇನಾವೆಚ್ಚದ ಬಾಬ್ತಿಗಾಗಿ, ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಈ ಒಪ್ಪಂದಗಳ ಫಲವಾಗಿ ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗಗಳು ಕಂಪನಿಯ ಆಡಳಿತಕ್ಕೂ ಪಾವಗಡವು ಮೈಸೂರಿನ ಒಡೆಯರ ಆಡಳಿತಕ್ಕೂ ಒಳಪಟ್ಟವು. ಇಲ್ಲಿ ಲೆಕ್ಕಕ್ಕೆ ಬಂದದ್ದು ಕಂದಾಯದ ಹುಟ್ಟುವಳಿ. ಅಲ್ಲಿನವರು ಯಾವ ಮಾತನ್ನಾಡುತ್ತಿದ್ದರೆಂಬ ಪ್ರಶ್ನೆಯೇ ಏಳಲಿಲ್ಲ. 1800ರಿಂದ 1807ರವರೆಗೆ, ಕಂಪನಿಗೆ ಬಿಟ್ಟುಕೊಟ್ಟ ಈ ಪ್ರದೇಶಗಳ ಪ್ರಧಾನ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಪಾಳೆಯಗಾರರ ಸ್ವತಂತ್ರ ಸೈನ್ಯಬಲವನ್ನು ಮುರಿದು, ಒಬ್ಬೊಬ್ಬ ರೈತನೊಂದಿಗೂ ನೇರವಾಗಿ ಕಂದಾಯದ ಒಪ್ಪಂದ ಮಾಡಿಕೊಳ್ಳುವ ರೈತವಾರಿ ಪದ್ಧತಿಯನ್ನು ಬೆಳೆಸಿದಾಗ, ವೇಬರ್ ಹೇಳುವ ಏಕಸ್ವಾಮ್ಯವು ಈ ನೆಲದಲ್ಲಿ ಮೂರ್ತರೂಪ ಪಡೆಯಿತು.

ಈ ವಾದಕ್ಕೆ ಪ್ರಬಲವಾದ ಆಕ್ಷೇಪವೊಂದಿದೆ. ವಸಾಹತು ಕಾಲದ ಗೆರೆಗಳನ್ನು ಸ್ವತಂತ್ರ ಭಾರತ ಅಳಿಸಿತಲ್ಲವೇ? 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯನ್ನು ತಾಲ್ಲೂಕುವಾರು ವಿಂಗಡಿಸಿ, ಆದವಾನಿ, ಆಲೂರು, ರಾಯದುರ್ಗಗಳನ್ನು ಆಂಧ್ರಕ್ಕೂ ಉಳಿದವನ್ನು ಮೈಸೂರಿಗೂ ಸೇರಿಸಲಾಯಿತು. ಇಲ್ಲಿ ಭಾಷೆಯು ಹಳೆಯ ಜಿಲ್ಲೆಯನ್ನು ಒಡೆದದ್ದು ನಿಜ. ಆದರೆ ಇದೇ ಉದಾಹರಣೆಯನ್ನು ಪಕ್ಕದ ಅನಂತಪುರದೊಂದಿಗೆ ಇಟ್ಟು ನೋಡಿದಾಗ ಚಿತ್ರ ಬದಲಾಗುತ್ತದೆ. ಅನಂತಪುರವನ್ನು ವಿವಾದರಹಿತ ತೆಲುಗು ಜಿಲ್ಲೆಗಳ ಸಾಲಿನಲ್ಲಿ ಇಡಿಯಾಗಿ ಸೇರಿಸಿದ್ದರಿಂದ, ಬಳ್ಳಾರಿಯಲ್ಲಿ ತಾಲ್ಲೂಕು ಮಟ್ಟದಲ್ಲಿ ಕೇಳಿದ ಪ್ರಶ್ನೆಯನ್ನು ಮಡಕಶಿರದಲ್ಲಿ ಕೇಳಲಿಲ್ಲ. ಅನಂತಪುರವಾದರೋ 1882ರಲ್ಲಿ ಬಳ್ಳಾರಿಯಿಂದಲೇ, ಆಡಳಿತದ ಅನುಕೂಲಕ್ಕಾಗಿ, ಬೇರ್ಪಡಿಸಿದ ಜಿಲ್ಲೆ. ಅಂದರೆ ಭಾಷಾತತ್ವವನ್ನು ಅನ್ವಯಿಸಿದಾಗಲೂ ಯಾವ ಘಟಕದೊಳಗೆ ಜನರನ್ನು ಎಣಿಸಬೇಕೆಂಬುದನ್ನು ಹಿಂದಿನ ಆಡಳಿತದ ಗೆರೆಯೇ ನಿರ್ಧರಿಸಿತ್ತು.

ಫಜಲ್ ಅಲಿ ಅವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗದ 1955ರ ವರದಿಯಲ್ಲಿ ಈ ಅಂಶ ಇನ್ನಷ್ಟು ಸ್ಪಷ್ಟವಾಗಿದೆ. ಜಿಲ್ಲೆಯೊಂದರ ಜನಸಂಖ್ಯೆಯಲ್ಲಿ ಶೇಕಡ 70 ಅಥವಾ ಅದಕ್ಕಿಂತ ಹೆಚ್ಚು ಮಂದಿ ಆ ರಾಜ್ಯದ ಅಲ್ಪಸಂಖ್ಯಾತ ಭಾಷೆಯನ್ನು ಆಡುವವರಾಗಿದ್ದರೆ ಅಲ್ಲಿ ಅದೇ ಆಡಳಿತ ಭಾಷೆಯಾಗಬೇಕೆಂದು ಆಯೋಗ ಸೂಚಿಸಿತು. ಈ ಮಾನದಂಡ ಜಿಲ್ಲೆಗೆ ಅನ್ವಯಿಸುವಂಥದ್ದಾದ್ದರಿಂದ, ತಮ್ಮ ಊರುಗಳಲ್ಲಿ ಬಹುಸಂಖ್ಯಾತರಾದ ಮಡಕಶಿರ ಸೀಮೆಯ ಕನ್ನಡಿಗರು ಅನಂತಪುರ ಜಿಲ್ಲೆಯ ಲೆಕ್ಕದಲ್ಲಿ ಅಲ್ಪಸಂಖ್ಯಾತರೇ ಆದರು. 2022ರ ಏಪ್ರಿಲ್ 4ರ ಜಿಲ್ಲಾ ವಿಂಗಡಣೆಯು ಈ ಬಗ್ಗೆ ಹೊಸ ಸಾಕ್ಷ್ಯವೊಂದನ್ನು ಒದಗಿಸಿದೆ. ಹಿಂದೂಪುರ, ಮಡಕಶಿರಗಳು ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ಕಲ್ಯಾಣದುರ್ಗ, ರಾಯದುರ್ಗಗಳು ಅನಂತಪುರದಲ್ಲೇ ಉಳಿದವು. ಒಂದು ಕುಟುಂಬವೂ ನೆಲೆ ಬದಲಿಸದಿದ್ದರೂ ಹಳೆಯ ಜಿಲ್ಲೆಯ ಕನ್ನಡ ಸಮುದಾಯ ಎರಡು ಜಿಲ್ಲೆಗಳ ಲೆಕ್ಕಕ್ಕೆ ಹಂಚಿಹೋಯಿತು, ಎರಡೂ ಕಡೆ ಅದರ ಪ್ರಮಾಣ ಬದಲಾಯಿತು. ಬಹುಮತ, ಅಲ್ಪಮತ ಎಂಬ ಪರಿಕಲ್ಪನೆಗಳು ಜನರ ಸಹಜ ಗುಣಗಳಲ್ಲ, ಗೆರೆಯೊಳಗಿನ ಅನುಪಾತಗಳು ಎಂಬುದನ್ನು ಇದಕ್ಕಿಂತ ನೇರವಾಗಿ ತೋರಿಸುವ ಉದಾಹರಣೆ ವಿರಳ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಡಿಯು ಜನರನ್ನು ಎಣಿಸುವುದಷ್ಟೇ ಅಲ್ಲ, ಕಾಲಾನುಕ್ರಮದಲ್ಲಿ ಜನಸಮುದಾಯವೊಂದನ್ನು ರೂಪಿಸಲೂಬಲ್ಲದು ಎನ್ನಬಹುದು. ಬಿಟ್ಟುಕೊಟ್ಟ ನೆಲವೆಂಬ ಅರ್ಥದಲ್ಲಿ ದತ್ತಮಂಡಲವೆನಿಸಿದ್ದ ಜಿಲ್ಲೆಗಳು 1928ರ ನಂದ್ಯಾಲ ಸಭೆಯಲ್ಲಿ ರಾಯಲಸೀಮೆ ಎಂಬ ಹೆಸರು ಪಡೆದವು. 1937ರ ಶ್ರೀಬಾಗ್ ಒಪ್ಪಂದದಲ್ಲಿ ಕರಾವಳಿ ಆಂಧ್ರದ ಎದುರು ನೀರಾವರಿ, ವಿಶ್ವವಿದ್ಯಾಲಯ, ರಾಜಧಾನಿಗಳ ವಿಷಯದಲ್ಲಿ ಪ್ರತ್ಯೇಕ ಹಕ್ಕುದಾರರಾಗಿ ನಿಂತವು. ಕಂದಾಯದ ಗೆರೆಯಾಗಿ ಆರಂಭವಾದದ್ದು ಶತಮಾನದ ನಂತರ ರಾಜಕೀಯ ಅಸ್ಮಿತೆಯಾಯಿತು.

ಆದರೂ ಈ ನಿರ್ಣಯವನ್ನು ಅದರ ಮಿತಿಗಳೊಂದಿಗೇ ಗ್ರಹಿಸಬೇಕು. ಮೊದಲನೆಯದಾಗಿ, ಮಿಲ್ ಮಾತನಾಡುತ್ತಿದ್ದುದು ಸ್ವತಂತ್ರ ರಾಜ್ಯಗಳ ಬಗ್ಗೆ. ಪರಮಾಧಿಕಾರವಿಲ್ಲದ, ಸಂವಿಧಾನದ 3ನೆಯ ವಿಧಿಯ ಪ್ರಕಾರ ಸಂಸತ್ತು ಬದಲಿಸಬಹುದಾದ ಘಟಕ ರಾಜ್ಯಗಳ ಗಡಿಯಿಂದ ಅವರ ಸಿದ್ಧಾಂತವನ್ನು ಪೂರ್ತಿಯಾಗಿ ಖಂಡಿಸಲಾಗದು. ಎರಡನೆಯದಾಗಿ, 1952ರ ಡಿಸೆಂಬರ್‌ನಲ್ಲಿ ಪೊಟ್ಟಿ ಶ್ರೀರಾಮುಲು ಅವರ ಉಪವಾಸ ಮರಣದ ನಂತರ ಆಂಧ್ರ ರಾಜ್ಯದ ಘೋಷಣೆ ಅನಿವಾರ್ಯವಾದದ್ದನ್ನು ನೆನೆದರೆ, ಭಾಷೆಯು ಗಡಿಯ ನೆರಳು ಮಾತ್ರವೆನ್ನುವುದು ಅನ್ಯಾಯವಾಗುತ್ತದೆ. ಮೂರನೆಯದಾಗಿ, ರಾಯಲಸೀಮೆಯ ಅಸ್ಮಿತೆಗೆ ಬರಗಾಲ, ನೀರಿನ ಕೊರತೆಗಳಂಥ ಹಂಚಿಕೊಂಡ ಅನುಭವವೂ ಕಾರಣ. ಗೆರೆಯೊಂದೇ ಅದನ್ನು ಸೃಷ್ಟಿಸಿತೆಂಬುದು ಅತಿಶಯೋಕ್ತಿ. ಆದ್ದರಿಂದ ಇಲ್ಲಿನ ವಾದ ಇಷ್ಟೇ: ಈ ಸೀಮೆಯ ಮಟ್ಟಿಗೆ, ಜನ ಮತ್ತು ಪ್ರದೇಶಗಳ ನಂಟು ಸಹಜವಾಗಿ ಬಂದುದಲ್ಲ, ಸರ್ಕಾರವೆಂಬ ಮೂರನೆಯ ಅಂಶ ನಡೆಸಿಕೊಂಡು ಬಂದುದು.

ಆ ನಡೆಸುವಿಕೆ ದಿನನಿತ್ಯದ ದಾಖಲೆಗಳಲ್ಲಿ ಕಾಣುತ್ತದೆ. ಅಗಳಿಯ ಕನ್ನಡಿಗ ರೈತನು ಬೆಳೆಸಾಲಕ್ಕೆ ಬ್ಯಾಂಕಿಗೆ ಒಯ್ಯುವುದು ತೆಲುಗಿನ ಅಡಂಗಲ್. ಪಾವಗಡದ ತೆಲುಗು ಮನೆಮಾತಿನ ರೈತನು ಒಯ್ಯುವುದು ಕನ್ನಡದ ಪಹಣಿ. ಅದೇ ಹೊತ್ತಿಗೆ ಮಡಕಶಿರ ಸೀಮೆಯಲ್ಲಿ ಆಂಧ್ರ ಸರ್ಕಾರದ ಕನ್ನಡ ಮಾಧ್ಯಮ ಶಾಲೆಗಳಿವೆ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂಬ 350ಎ ವಿಧಿಯು 1956ರಲ್ಲಿ ಸಂವಿಧಾನಕ್ಕೆ ಸೇರಿದ್ದೇ ಇಂಥ ಸೀಮೆಗಳಿಗಾಗಿ. ಒಂದು ಭಾಷೆಯಲ್ಲಿ ಪಾಠ, ಇನ್ನೊಂದು ಭಾಷೆಯಲ್ಲಿ ಜಮೀನಿನ ದಾಖಲೆ ಇದ್ದಾಗ್ಯೂ ಚುನಾವಣೆ, ಪಂಚಾಯತಿ, ನ್ಯಾಯಾಲಯಗಳು ಇಲ್ಲಿ ನಡೆದುಕೊಂಡು ಬಂದಿರುವುದು ಮಿಲ್ ಅವರ ಆತಂಕಕ್ಕಿಂತ ಆಕ್ಟನ್ ಅವರ ವಿಶ್ವಾಸಕ್ಕೆ ಹತ್ತಿರವಾಗಿದೆ.

ಹೀಗಾಗಿ ಪ್ರವೇಶ ಪಠ್ಯಗಳು ನಾಲ್ಕು ಮೂಲಾಂಶಗಳನ್ನು ಬಿಡಿಬಿಡಿಯಾಗಿ ಪಟ್ಟಿ ಮಾಡುವುದರ ಬದಲು ಒಂದು ಇನ್ನೊಂದನ್ನು ಹೇಗೆ ರೂಪಿಸುತ್ತದೆಂದು ವಿವರಿಸುವುದು ಉಚಿತ. ಗಡಿನಾಡಿನ ವಿದ್ಯಾರ್ಥಿಗೆ ಅದರ ಉದಾಹರಣೆಗಳು ತನ್ನ ತಾಲ್ಲೂಕಿನಲ್ಲೇ ಸಿಗುತ್ತವೆ. ಬಹುಮತವನ್ನು ಜಿಲ್ಲೆಯಲ್ಲಿ ಎಣಿಸಬೇಕೋ, ತಾಲ್ಲೂಕಿನಲ್ಲೋ, ಗ್ರಾಮದಲ್ಲೋ ಎಂಬ ಪ್ರಶ್ನೆಗೆ ಮಾತ್ರ ಬಹುಮತದಿಂದಲೇ ಉತ್ತರ ಪಡೆಯಲಾಗದು, ಏಕೆಂದರೆ ಆ ಮತವನ್ನು ಯಾವ ಎಲ್ಲೆಯೊಳಗೆ ಎಣಿಸಬೇಕೆಂಬುದು ಮೊದಲೇ ತೀರ್ಮಾನವಾಗಿರಬೇಕಾಗುತ್ತದೆ. ಪಾವಗಡದ ತೆಲುಗು ಭಾಷಿಕರ ಮತ್ತು ಮಡಕಶಿರದ ಕನ್ನಡಿಗರ ರಾಜಕೀಯ ಒಲವುಗಳನ್ನು ಗ್ರಾಮಮಟ್ಟದಲ್ಲಿ ಹೋಲಿಸುವ ಅಧ್ಯಯನವು ಈ ತೊಡಕನ್ನು ಪೂರ್ತಿ ಬಿಡಿಸಲಾರದಾದರೂ, ಗಡಿ ಎಷ್ಟರಮಟ್ಟಿಗೆ ಜನರನ್ನು ರೂಪಿಸುತ್ತದೆಂಬ ಪ್ರಶ್ನೆಗೆ ಇನ್ನಷ್ಟು ಖಚಿತವಾದ ಆಧಾರ ಒದಗಿಸಬಲ್ಲದು.