ಮದುವೆ ಕ್ಯಾಮೆರಾ, ಕಬಡ್ಡಿ ಅಂಗಳ

ದೀಪಾವಳಿಗೆ ಇನ್ನೂ ಮೂರು ವಾರವಿತ್ತು. ತಂಗಿಯ ಮಗ ಗುಂಡ್ಲುಪೇಟೆಯ ನಮ್ಮ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಕೇಳಿದ: “ಮಾವ, ಹದಿನೈದು ಸಾವ್ರದೊಳಗೆ ಯಾವ ಕ್ಯಾಮೆರಾ ತಕ್ಕೊಳ್ಲಿ? ಕಬಡ್ಡಿ ತೆಗೀಬೇಕು, ಗೊರೆಹಬ್ಬ ತೆಗೀಬೇಕು. ಮದ್ವೆ ಗಿದ್ವೆ ಬ್ಯಾಡ.”

ಕೊನೆಯ ಮಾತು ಕೇಳಿ ನಾನು ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದೆ. ಈ ಕಸುಬಿಗೆ ಬಿದ್ದು ನನಗೆ ಮೂವತ್ತು ವರ್ಷ. ಗುಂಡ್ಲುಪೇಟೆಯಲ್ಲಾಗಲಿ ಚಾಮರಾಜನಗರದಲ್ಲಾಗಲಿ ಮದುವೆ ಬೇಡ ಎಂದುಕೊಂಡು ವೀಡಿಯೋ ಕ್ಯಾಮೆರಾ ಕೊಳ್ಳಲು ಹೊರಟವನನ್ನು ನಾನು ಕಂಡದ್ದು ಅದೇ ಮೊದಲು.

1994ರಲ್ಲಿ ನಾನು ಒಂದು ಸ್ಟುಡಿಯೋಗೆ ಲೈಟ್ ಹಿಡಿಯುವ ಹುಡುಗನಾಗಿ ಸೇರಿದೆ. ಆಗ ನಾವಿನ್ನೂ ಮೈಸೂರು ಜಿಲ್ಲೆಯವರು. ಚಾಮರಾಜನಗರ ಜಿಲ್ಲೆಯಾದದ್ದು 1997ರ ಆಗಸ್ಟ್ 15ಕ್ಕೆ. ಹೆಗಲ ಮೇಲೆ ಹೊರುವ ಪ್ಯಾನಾಸೋನಿಕ್ ವಿಎಚ್‌ಎಸ್ ಕ್ಯಾಮೆರಾ, ಕೈಯಲ್ಲಿ ಸನ್‌ಗನ್ ಲೈಟು, ಅದರ ಬಿಸಿಗೆ ಧಾರೆಯ ಹೊತ್ತಿಗೆ ವಧುವಿನ ಹಣೆಯ ಕುಂಕುಮ ಇಳಿಯುತ್ತಿತ್ತು. ಹೊಸ ಕ್ಯಾಮೆರಾ ಅಂಗಡಿಯಲ್ಲಿ ಕೊಳ್ಳುವ ಶಕ್ತಿ ಯಾರಿಗೂ ಇರಲಿಲ್ಲ, ಆಮದು ಸುಂಕವೇ ಅಷ್ಟಿತ್ತು. ನಮ್ಮ ಪುಣ್ಯಕ್ಕೆ ಊರು ಕವಲಿನಲ್ಲಿದೆ: ಒಂದು ದಾರಿ ಊಟಿಗೆ, ಇನ್ನೊಂದು ಸುಲ್ತಾನ್ ಬತ್ತೇರಿ ಹಾದು ಕೋಳಿಕ್ಕೋಡಿಗೆ. ಕೋಳಿಕ್ಕೋಡಿನ ಹತ್ತಿರದ ಕರಿಪ್ಪೂರಿನಲ್ಲಿ 1988ರಲ್ಲಿ ವಿಮಾನ ನಿಲ್ದಾಣವಾಯಿತು. ಗಲ್ಫಿನಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಟೇಪ್ ರೆಕಾರ್ಡರ್ ಜೊತೆ ಕ್ಯಾಮೆರಾಗಳೂ ಬರತೊಡಗಿದವು. ಗಲ್ಫಿನದೂ ನಮ್ಮದೂ ಪಾಲ್ ಎಂಬ ಒಂದೇ ಟಿವಿ ಪದ್ಧತಿಯಾದ್ದರಿಂದ ತಂದದ್ದು ನಮ್ಮ ಟಿವಿಗೆ ನೇರ ಹೊಂದುತ್ತಿತ್ತು. ಅಮೆರಿಕದಿಂದ ತಂದುಕೊಟ್ಟದ್ದನ್ನು ಕೊಂಡವರು ಕಪ್ಪು ಬಿಳುಪು ಚಿತ್ರ ಉರುಳುವುದನ್ನು ನೋಡುತ್ತ ಕೂತಿದ್ದೂ ಉಂಟು. 1998ರಲ್ಲಿ ನಾನು ಬತ್ತೇರಿಯಲ್ಲಿ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಕೊಂಡೆ. ಅಪ್ಪ ಆ ವರ್ಷದ ಅರಿಶಿನವನ್ನು ಈರೋಡಿಗೆ ಹಾಕಿ ಬಂದ ದುಡ್ಡು ಪೂರ್ತಿ ಅದಕ್ಕೆ ಹೋಯಿತು. “ಇದು ಹಾಲು ಕರೀತದಾ?” ಎಂದು ಕೇಳಿ ಅವ್ವ ಅದಕ್ಕೆ ಅರಿಶಿನ ಕುಂಕುಮ ಇಟ್ಟಳು.

ಕರೆಯಿತು, ಆದರೆ ಲಗ್ನವಿದ್ದಾಗ ಮಾತ್ರ. ಆಷಾಢದಲ್ಲಿ, ಧನುರ್ಮಾಸದಲ್ಲಿ ನಮಗೆ ಕೆಲಸವಿಲ್ಲ. ನಮ್ಮ ಸೀಮೆಯ ಆಟಗಳು ವೀಡಿಯೋಗೆ ಬಂದದ್ದು ಈ ಖಾಲಿ ತಿಂಗಳುಗಳಿಂದಲೇ. ಆಷಾಢದಲ್ಲಿ ಚಾಮರಾಜನಗರದ ಚಾಮರಾಜೇಶ್ವರನ ತೇರು. 1826ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಗುಡಿ ಅದು. ಹೊಸದಾಗಿ ಮದುವೆಯಾಗಿ ಆಷಾಢಕ್ಕೆಂದು ಬೇರೆಯಾದ ಜೋಡಿಗಳೆಲ್ಲ ಅಂದು ತೇರಿನ ನೆಪದಲ್ಲಿ ಸೇರುತ್ತಿದ್ದರು, ನಾವು ತೆಗೆದ ಮದುವೆ ಕ್ಯಾಸೆಟ್ಟಿನ ಬಾಕಿ ದುಡ್ಡನ್ನು ಅಲ್ಲೇ ಕೇಳಿ ಪಡೆಯುತ್ತಿದ್ದೆವು. ಧನುರ್ಮಾಸದಿಂದ ಸಂಕ್ರಾಂತಿಯವರೆಗೆ ಕಬಡ್ಡಿ. ಯುವಕ ಸಂಘದವರು ಬಂದು, “ಅಣ್ಣ, ಹೆಂಗೂ ಸುಮ್ನೆ ಕೂತಿದ್ದೀಯಲ್ಲ, ಪೆಟ್ರೋಲ್‌ಗೆ ಕೊಡ್ತೀವಿ, ಬಾ” ಎನ್ನುತ್ತಿದ್ದರು. ಹೀಗೆ ಮದುವೆಗೆ ಕೊಂಡ ಕ್ಯಾಮೆರಾ ಕಬಡ್ಡಿಗೆ ಹೋಯಿತು.

ಎರಡು ಕೆಲಸಕ್ಕೂ ಅಜಗಜಾಂತರ. ಮದುವೆಯಲ್ಲಿ ಕ್ಯಾಮೆರಾದವನೇ ಪುರೋಹಿತರಿಗಿಂತ ದೊಡ್ಡವನು. “ಹಾರ ಇನ್ನೊಂದ್ಸಲ ಹಾಕಿ, ಈ ಕಡೆ ನೋಡಿ” ಎಂದರೆ ಹಾಕುತ್ತಾರೆ. ತಾಳಿ ಕಟ್ಟಿದ್ದು ತಪ್ಪಿಹೋದರೆ ಕಟ್ಟಿದಂತೆ ಕೈ ಹಿಡಿದು ನಿಲ್ಲುತ್ತಾರೆ. ಕಬಡ್ಡಿಯಲ್ಲಿ ರೈಡರ್‌ಗೆ ಇರುವುದು 30 ಸೆಕೆಂಡು, ಅವನನ್ನು ಇನ್ನೊಂದು ಸಲ ಬಾ ಎನ್ನುವವರಾರು?

ಒಂದು ರಾತ್ರಿಯ ಆಟ ಇನ್ನೂ ನೆನಪಿದೆ. ಮಣ್ಣಿನ ಅಂಗಳ, ನಾಲ್ಕು ಬಿದಿರು ಗಳಗಳಿಗೆ ಕಟ್ಟಿದ ಸೋಡಿಯಂ ದೀಪ. ರೈಡರ್ ವಾಪಸು ಬೀಳುವಾಗ ಅವನ ಬೆರಳು ಮಧ್ಯಗೆರೆ ಮುಟ್ಟಿತೋ ಇಲ್ಲವೋ ಎಂದು ಜಗಳ ಹತ್ತಿತು. ಯಾರೋ “ವೀಡಿಯೋ ಅದಲ್ಲ, ತೋರ್ಸು” ಎಂದರು. ಕ್ಯಾಸೆಟ್ ಹಿಂದಕ್ಕೆ ತಿರುಗಿಸಿದೆ. ಹೆಬ್ಬೆರಳುಗುರಿನಷ್ಟಗಲದ ಕಪ್ಪು ಬಿಳುಪು ವ್ಯೂಫೈಂಡರಿಗೆ ಎರಡೂ ತಂಡದವರು ಸರದಿಯಲ್ಲಿ ಕಣ್ಣಿಟ್ಟರು. ಬೆರಳಿದ್ದ ಕಡೆ ಹೊಗೆಯಂಥ ಗೆರೆ. ಒಂದು ತಂಡಕ್ಕೆ ಮುಟ್ಟಿದಂತೆ ಕಂಡಿತು, ಇನ್ನೊಂದಕ್ಕೆ ಇಲ್ಲ. ಆ ಕ್ಯಾಮೆರಾದ ಪಕ್ಕದಲ್ಲಿ ಶಟರ್ ಎಂದು ಬರೆದ ಒಂದು ಗುಂಡಿಯಿದೆ, ಹಗಲಿನಲ್ಲಿ ಅದನ್ನು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೆ ಇಟ್ಟರೆ ಬೆರಳು ಬೆರಳಾಗಿಯೇ ನಿಲ್ಲುತ್ತದೆ ಎಂಬುದು ನನಗೆ ಗೊತ್ತಾದದ್ದು ಎರಡು ವರ್ಷದ ಮೇಲೆ. ಮದುವೆಯಲ್ಲಿ ಅದನ್ನು ಮುಟ್ಟುವ ಪ್ರಮೇಯವೇ ಬಂದಿರಲಿಲ್ಲ. ಆದರೆ ಗೊತ್ತಿದ್ದರೂ ಆ ರಾತ್ರಿ ಕೆಲಸಕ್ಕೆ ಬರುತ್ತಿರಲಿಲ್ಲ. ಅಷ್ಟು ಚುರುಕು ಶಟರಿಗೆ ಆ ಬೆಳಕು ಸಾಲದು. ಮೇಲಾಗಿ ನಮ್ಮ ಕರೆಂಟು 50 ಹರ್ಟ್ಸ್, ಆ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಚಿತ್ರವೆಲ್ಲ ಬಡಿದಾಡುತ್ತದೆ.

ಬೆಳಗ್ಗೆ ಎದ್ದು ನೋಡಿದರೆ ಕ್ಯಾಮೆರಾದ ಹೆಡ್ಡಿಗೆ ಅಂಗಳದ ಧೂಳು ಮೆತ್ತಿ ಚಿತ್ರದ ತುಂಬ ಗೀರು. ಸ್ಪಿರಿಟ್ ಹಚ್ಚಿ ಒರೆಸಿ ಸಂಜೆಯ ನಾಮಕರಣಕ್ಕೆ ಹೋದೆ. ಸಂಘದವರು ಕೊಟ್ಟ ಪೆಟ್ರೋಲು ದುಡ್ಡು ಸ್ಪಿರಿಟಿಗೇ ಸರಿಹೋಯಿತು.

ತಿರುಗಿ ಬಾರದ ಕ್ಷಣವನ್ನು ಚಲಿಸುವ ಚಿತ್ರದಲ್ಲಿ ಹಿಡಿಯುವ ಸಾಹಸ ನಮ್ಮ ಕಾಡುಗಳಿಗೆ ಹೊಸದಲ್ಲ. ಆನೆ ಹಿಡಿಸುತ್ತಿದ್ದ ಸ್ಯಾಂಡರ್ಸನ್ ಎಂಬ ಸಾಹೇಬ ಚಾಮರಾಜನಗರದ ಹತ್ತಿರ ಕರಡಿಹಳ್ಳಿಯಲ್ಲಿ 1874ರಲ್ಲಿ ಆನೆ ಹಿಂಡನ್ನು ಖೆಡ್ಡಾಕ್ಕೆ ಕೆಡವಿದಾಗ ಜಗತ್ತಿನಲ್ಲೇ ಸಿನಿಮಾ ಕ್ಯಾಮೆರಾ ಇರಲಿಲ್ಲ. ಅವನಿಗೆ ಒದಗಿದ್ದು ಲೇಖನಿ, 1878ರಲ್ಲಿ ಪುಸ್ತಕವಾಯಿತು. ಅರವತ್ತು ವರ್ಷದ ಮೇಲೆ, 1935ರಲ್ಲಿ, ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕನ್ನನು ಮೈಸೂರಿಗೆ ಬಂದು ಕಬಿನಿ ಕಡೆಯ ಕಾರಾಪುರದಲ್ಲಿ ಕ್ಯಾಮೆರಾ ಹೂಡಿದ. ಮಾವುತನ ಮಗ ಸಾಬು ಎಂಬ ಹುಡುಗನನ್ನು ಆನೆಯ ಮೇಲೆ ಕೂರಿಸಿ ತೆಗೆದ ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಗೆ ಬಂತು. ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಬಹುಮಾನ ಫ್ಲಾಹರ್ಟಿಗೂ, ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಉಳಿದ ಭಾಗ ತೆಗೆದ ಜೋಲ್ಟನ್ ಕೋರ್ಡಾಗೂ ಸೇರಿ ಬಂತು. ಆ ಚಿತ್ರ ನೋಡುವಾಗ ನನ್ನ ಕಣ್ಣು ಹೋಗುವುದು ಸಾಬುವಿನ ಕಡೆಗಲ್ಲ, ಆನೆ ಹಿಂಡು ನುಗ್ಗುವಾಗ ಕ್ಯಾಮೆರಾ ಎಲ್ಲಿಟ್ಟಿದ್ದರು ಎಂಬುದರ ಕಡೆಗೆ. ಕಸುಬಿನವರ ಕಾಯಿಲೆ.

ಮತ್ತೆ ನಮ್ಮ ಕಥೆಗೆ ಬರೋಣ. ಮಿನಿಡಿವಿ ಟೇಪು ಬಂತು, ಕ್ಯಾಮೆರಾ ಹಗುರವಾಯಿತು, ಮಿಕ್ಸಿಂಗ್ ಕಂಪ್ಯೂಟರಿಗೆ ಹೋಯಿತು. ಆಟಕ್ಕೆ ಅದೇ ಒಳ್ಳೆಯ ಕಾಲವಾಗಿತ್ತೆಂದು ಈಗ ಅನಿಸುತ್ತದೆ. ಟೇಪಿನ ಕ್ಯಾಮೆರಾ ಸೆಕೆಂಡಿಗೆ 50 ಅರೆಚಿತ್ರ ಹಿಡಿಯುತ್ತಿತ್ತು, ಓಟ ನುಣುಪಾಗಿ ಕಾಣುತ್ತಿತ್ತು. 2010ರ ಸುಮಾರಿಗೆ ಮದುವೆಯವರೆಲ್ಲ ಕ್ಯಾನನ್ ಡಿಎಸ್‌ಎಲ್‌ಆರ್‌ಗೆ ಬಿದ್ದರು. ಹಿಂದಿನದೆಲ್ಲ ಮಸುಕು, ಮುಖ ಮಾತ್ರ ಸ್ಪಷ್ಟ, ಸಿನಿಮಾದಂತೆ! ನಾನೂ 550ಡಿ ಕೊಂಡೆ. ಚಾಮರಾಜನಗರದಲ್ಲಿ ಒಂದು ಕಬಡ್ಡಿ ಪಂದ್ಯಕ್ಕೆ ಹೊತ್ತುಕೊಂಡು ಹೋದೆ. ಒಂದು ಅರ್ಧ 20 ನಿಮಿಷದ್ದು. ಈ ಕ್ಯಾಮೆರಾದಲ್ಲಿ ಒಂದು ಫೈಲು 4 ಜಿಬಿ ಮುಟ್ಟಿದರೆ, ಎಂದರೆ ಸುಮಾರು 12 ನಿಮಿಷಕ್ಕೆ, ತಾನೇ ನಿಂತುಬಿಡುತ್ತದೆ. ನಿಂತದ್ದು ನನಗೆ ತಿಳಿಯಲಿಲ್ಲ. ಆ ದಿನದ ಅತ್ಯುತ್ತಮ ಹಿಡಿತ, ಮೂವರು ಸೇರಿ ಒಬ್ಬನನ್ನು ಗಾಳಿಯಲ್ಲೇ ತಡೆದದ್ದು, ನನ್ನ ಕಣ್ಣಲ್ಲಿ ಮಾತ್ರ ಉಳಿಯಿತು. ಆ ತಂಡದ ನಾಯಕನ ತಂದೆ ಆಮೇಲೆ ಎರಡು ವರ್ಷ ನನ್ನನ್ನು ಕಂಡಾಗಲೆಲ್ಲ, “ಏನ್ ಸ್ವಾಮಿ, ಕ್ಯಾಮೆರಾ ಎದ್ದದಾ, ಮಲಗದಾ?” ಎನ್ನುತ್ತಿದ್ದರು.

ಆಟಕ್ಕೆಂದೇ ಅಗ್ಗದ ಕ್ಯಾಮೆರಾ ಹುಟ್ಟಿದ್ದು ದೂರದ ಕ್ಯಾಲಿಫೋರ್ನಿಯಾದಲ್ಲಿ. ಅಲೆಯ ಮೇಲೆ ಹಲಗೆ ಸವಾರಿ ಮಾಡುವ ನಿಕ್ ವುಡ್‌ಮನ್ ತನ್ನ ಸವಾರಿಯನ್ನು ತಾನೇ ತೆಗೆಯಬೇಕೆಂದು 2002ರಲ್ಲಿ ಗೋಪ್ರೋ ಕಂಪನಿ ಮಾಡಿದ. 2004ರಲ್ಲಿ ಬಂದ ಅದರ ಮೊದಲ ಕ್ಯಾಮೆರಾ ವೀಡಿಯೋದ್ದೇ ಅಲ್ಲ, ಮಣಿಕಟ್ಟಿಗೆ ಕಟ್ಟಿಕೊಳ್ಳುವ ರೀಲಿನ ಕ್ಯಾಮೆರಾ. 2006ರದ್ದು ಒಮ್ಮೆಗೆ 10 ಸೆಕೆಂಡು ವೀಡಿಯೋ ತೆಗೆಯುತ್ತಿತ್ತು, ನಮ್ಮ ರೈಡರ್ ಗೆರೆ ದಾಟುವುದರೊಳಗೆ ಮುಗಿದುಹೋಗುವಷ್ಟು. 2009ರ ಕೊನೆಯಲ್ಲಿ ಪೂರ್ಣ ಎಚ್‌ಡಿ ಬಂದ ಮೇಲೆ ಅದಕ್ಕೆ ಅರ್ಥ ಬಂತು. ಆ ವರ್ಷವೇ ಬತ್ತೇರಿ ದಾರಿಯ ಬಂಡೀಪುರ ಕಾಡಿನಲ್ಲಿ ರಾತ್ರಿ ಸಂಚಾರ ನಿಂತದ್ದು. ಬತ್ತೇರಿಯಲ್ಲಿ ಸಾಮಾನು ನೋಡಲು ಹೋದರೆ ವಾಪಸು ಬರುವಾಗ ರಾತ್ರಿ ಒಂಬತ್ತರೊಳಗೆ ಚೆಕ್‌ಪೋಸ್ಟ್ ದಾಟಬೇಕು, ಚೌಕಾಸಿಗೆ ಪುರುಸೊತ್ತಿಲ್ಲ. ಆಮೇಲಾಮೇಲೆ ಎಲ್ಲ ಆನ್‌ಲೈನಿಗೆ ಹೋಯಿತು.

ಅಳಿಯನಿಗೆ ಮೊದಲು ಹೇಳಿದ್ದು ಯಾವುದನ್ನು ಕೊಳ್ಳಬಾರದೆಂದು. ಮೂರು ಸಾವಿರದ ಡಬ್ಬಿಯ ಮೇಲೆ 4ಕೆ ಎಂದಿದ್ದರೆ ನಂಬಬೇಡ. ಎಷ್ಟೋ ಕಡೆ ಅದು ಚಿಕ್ಕ ಚಿತ್ರವನ್ನು ಎಳೆದು ಹಿಗ್ಗಿಸಿದ್ದು. ಹೊಸದರ ಆಸೆ ಬಿಡು, ಕೈ ಬದಲಾದ ಗೋಪ್ರೋ ಹೀರೋ7 ಬ್ಲ್ಯಾಕ್ ಹುಡುಕು. 2018ರದ್ದು, ಓಡುತ್ತ ಹಿಡಿದರೂ ಚಿತ್ರ ಕುಲುಕದಂತೆ ಮಾಡುವ ಹೈಪರ್‌ಸ್ಮೂತ್ ಮೊದಲು ಬಂದದ್ದು ಅದರಲ್ಲೇ. ನೀರಲ್ಲಿ 10 ಮೀಟರ್ ಆಳಕ್ಕೂ ಜಗ್ಗುವುದಿಲ್ಲ. “ಅದಾದ್ಮೇಲೆ ಹೀರೋ8 ಬಂದದಲ್ಲ ಮಾವ?” ಎಂದ. ಬಂದಿದೆ, ಆದರೆ ಅದರ ಲೆನ್ಸಿನ ಮುಂದಿನ ಗಾಜು ಬಿಚ್ಚಲು ಬರುವುದಿಲ್ಲ. ಏಳರದ್ದು ಬಿಚ್ಚಿ ಹೊಸದು ಹಾಕಬಹುದು. ನೀನು ಗೊರೆಹಬ್ಬಕ್ಕೆ ಹೋಗುತ್ತಿರುವುದು ಗುಮಟಾಪುರಕ್ಕೆ, ಅಲ್ಲಿ ಎಸೆಯುವ ಸಗಣಿಯಲ್ಲಿ ಮರಳಿರುತ್ತದೆ.

ಉಳಿದ ದುಡ್ಡಿಗೆ ಎರಡು ಬ್ಯಾಟರಿ, ಒಂದು ಅಸಲಿ ಕಾರ್ಡ್. ಸೆಟ್ಟಿಂಗಿನಲ್ಲಿ 60 ಹರ್ಟ್ಸ್ ತೆಗೆದು 50 ಮಾಡು, ನಮ್ಮ ದೀಪ ನೆನಪಿಟ್ಟುಕೊ. ಹಗಲಿನ ಆಟವನ್ನು ಸೆಕೆಂಡಿಗೆ 100 ಚಿತ್ರದಂತೆ ತೆಗೆದರೆ ನಿಧಾನಕ್ಕೆ ಓಡಿಸಿ ನೋಡಬಹುದು. ರಾತ್ರಿ ಕಬಡ್ಡಿಗೆ ಮಾತ್ರ ಇದನ್ನು ನೆಚ್ಚಬೇಡ. ಇದರ ಕಣ್ಣು ಚಿಕ್ಕದು, ಕತ್ತಲಲ್ಲಿ ಮರಳು ಮರಳು. ನೋಟ ಅಗಲ, 13 ಮೀಟರ್ ಅಂಗಳದ ಆ ತುದಿಯವನು ಇರುವೆಯಾಗುತ್ತಾನೆ. ಅದಕ್ಕೆ ನಿನ್ನ ಫೋನೇ ವಾಸಿ.

ಗುಮಟಾಪುರ ಚಾಮರಾಜನಗರದ ಮಗ್ಗುಲಲ್ಲೇ ಇದ್ದರೂ ತಮಿಳುನಾಡಿನ ತಾಳವಾಡಿಗೆ ಸೇರಿದ್ದು. 1956ರ ನವೆಂಬರಿನಲ್ಲಿ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಅತ್ತಲೇ ಉಳಿಯಿತು. ಊರವರ ಮಾತು ಇಂದಿಗೂ ಕನ್ನಡ. ಬಲಿಪಾಡ್ಯಮಿಯ ಮಾರನೇ ದಿನ ಗೊರೆಹಬ್ಬ. ಬೀರೇಶ್ವರ ಗುಡಿಯ ಹತ್ತಿರ ಟ್ರ್ಯಾಕ್ಟರುಗಟ್ಟಲೆ ಸಗಣಿ ಗುಡ್ಡೆ ಹಾಕಿ, ಪೂಜೆ ಮಾಡಿ, ಚಾಡಿಕೋರನ ವೇಷದವನನ್ನು ಕತ್ತೆ ಮೇಲೆ ಮೆರೆಸಿ, ಆಮೇಲೆ ಗಂಡಸರು ಉಂಡೆ ಕಟ್ಟಿ ಒಬ್ಬರಿಗೊಬ್ಬರು ಎಸೆಯುತ್ತಾರೆ. ಹಿಂದೆ ನಾನು ಹೋದಾಗ ಮಿನಿಡಿವಿ ಕ್ಯಾಮೆರಾಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಒಂದು ಮನೆಯ ತಾರಸಿ ಮೇಲಿಂದ ಜೂಮ್ ಮಾಡಿ ತೆಗೆದಿದ್ದೆ. ಕೆಳಗಿಳಿಯುವ ಧೈರ್ಯವಿರಲಿಲ್ಲ. ಮುಂದಿನ ವಾರ ಎರಡು ಲಗ್ನ ಒಪ್ಪಿಕೊಂಡಿದ್ದೆ.

ಈ ಸಲವೂ ನಾನು ತಾರಸಿ ಮೇಲೇ ಇದ್ದೆ, ಬರಿಗೈಯಲ್ಲಿ. ಅಳಿಯ ಎದೆಗೆ ಕ್ಯಾಮೆರಾ ಕಟ್ಟಿಕೊಂಡು ಗುಡ್ಡೆಯ ನಡುವಿಗೇ ಇಳಿದ. ಸ್ವಲ್ಪ ಹೊತ್ತಿಗೆ ಯಾರು ಯಾರೆಂದು ಗುರುತು ಸಿಗಲಿಲ್ಲ. ಆಟ ಮುಗಿದು ಎಲ್ಲರೂ ಕೆರೆಗೆ ಹೋದರು, ಅವನು ತನಗಿಂತ ಮೊದಲು ಕ್ಯಾಮೆರಾ ತೊಳೆದ. ದಂಡೆಯ ಮೇಲೆ ಕೂತು ನೋಡಿದೆವು. ಮೊದಲ ನಾಲ್ಕು ನಿಮಿಷ ಚೆನ್ನಾಗಿತ್ತು. ಆಮೇಲೆ ಒಂದು ಉಂಡೆ ನೇರ ಬಂದು ಬಡಿದು ತೆರೆಯೆಲ್ಲ ಹಸಿರುಕಂದು. ಹನ್ನೊಂದು ನಿಮಿಷ ಅದೇ ಬಣ್ಣ. ಒಳಗಿಂದ ನಗು, ಕೂಗು, ಥಪ್ ಥಪ್ ಸದ್ದು, ಯಾರೋ “ಲೇ, ನಿಮ್ ಮಾವ ಮೇಲವ್ನೆ, ಎಳ್ಕೊಂಡ್ ಬಾ” ಅಂದದ್ದು.

“ಇದ್ನ ತೆಗ್ದಾಕ್ಲಾ ಮಾವ?”

“ಬ್ಯಾಡ, ಮಡಗು” ಎಂದೆ.