ಬಳಪದ ಕಲ್ಲಿನಿಂದ ಬಣ್ಣದ ಹಾಳೆಗೆ: ಒಂಟಿಕೊಂಬಿನ ಪ್ರಾಣಿಯ ಪಯಣ

ಕಳೆದ ಬೇಸಿಗೆಯಲ್ಲಿ ನಮ್ಮ ಬಳಗದ ಮಕ್ಕಳ ಶಿಬಿರಕ್ಕೆಂದು ಬಣ್ಣ ತುಂಬುವ ಹಾಳೆಗಳನ್ನು ಮುದ್ರಿಸಿ ತಂದಿದ್ದೆವು. ಮಕ್ಕಳು ಮುಗಿಬಿದ್ದು ಆರಿಸಿಕೊಂಡದ್ದು ಯೂನಿಕಾರ್ನ್ ಹಾಳೆಗಳನ್ನು. ಮೂರು ನಾಲ್ಕು ವರ್ಷದವರಿಗೆ ದಪ್ಪ ಗೆರೆಯ ಒಂದೇ ಪ್ರಾಣಿ. ಆರೇಳು ವರ್ಷದವರಿಗೆ ಮೋಡ, ಕಾಮನಬಿಲ್ಲುಗಳ ನಡುವೆ ನಿಂತ ಪ್ರಾಣಿ. ಹತ್ತು ದಾಟಿದವರಿಗೆ ಕೇಸರದ ಎಳೆ ಎಳೆಯಲ್ಲೂ ಹೂಬಳ್ಳಿ ಹೆಣೆದ ಸೂಕ್ಷ್ಮ ಚಿತ್ರ. ಪುಟ್ಟ ಬಾಲಕಿಯೊಬ್ಬಳು ಅದರ ತಲೆಗೆ ಕೆಂಪನ್ನೂ ಕೊಂಬಿಗೆ ಕಪ್ಪನ್ನೂ ಬಳಿದಳು. "ಯೂನಿಕಾರ್ನ್ ಬೆಳ್ಳಗೇ ಇರಬೇಕು, ನಿಂದು ತಪ್ಪು" ಎಂದು ಪಕ್ಕದ ಹುಡುಗ ತಿದ್ದಿದ. ಅತ್ತ ಹಿರಿಯ ಸದಸ್ಯರೊಬ್ಬರು, "ನಮ್ಮ ಮಕ್ಕಳಿಗೆ ಈ ಪರದೇಶದ ಕುದುರೆ ಯಾಕ್ರೀ? ಗಂಡಭೇರುಂಡ ಕೊಡಬಾರದಿತ್ತೆ?" ಎಂದರು. ಇಬ್ಬರಿಗೂ ಆ ಹೊತ್ತಿನಲ್ಲಿ ನಾವು ಸರಿಯಾದ ಉತ್ತರ ಕೊಡಲಾರದೆ ಹೋದೆವು. ಆ ಬಾಕಿಯನ್ನು ತೀರಿಸುವ ಯತ್ನ ಈ ಬರಹ.

ಒಂಟಿಕೊಂಬಿನ ಪ್ರಾಣಿಯ ಬಹಳ ಹಳೆಯ ಚಿತ್ರಗಳು ದೊರೆತಿರುವುದು ಸಿಂಧೂ ನಾಗರಿಕತೆಯ ನೆಲೆಗಳಲ್ಲಿ. ಕ್ರಿ.ಪೂ. 2600ರಿಂದ 1900ರ ನಡುವಿನ ಚೌಕ ಮುದ್ರೆಗಳ ಮೇಲೆ ಹುಲಿ, ಆನೆ, ಖಡ್ಗಮೃಗ, ಗೂಳಿ ಎಲ್ಲವೂ ಇವೆ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಎತ್ತಿನ ಮೈಯ, ಒಂದೇ ಕೊಂಬಿನ ಪ್ರಾಣಿ. ಪಕ್ಕದಿಂದ ಚಿತ್ರಿಸಿದ್ದರಿಂದ ಎರಡನೆಯ ಕೊಂಬು ಮರೆಯಾಗಿದೆಯಷ್ಟೆ ಎಂದು ವಾದಿಸಿದವರುಂಟು. ಆದರೆ ಅದೇ ಕಾಲದ ಮುದ್ರೆಗಳಲ್ಲಿ ಹಿಣಿಲುಳ್ಳ ಗೂಳಿಗೆ ಎರಡು ಕೊಂಬುಗಳನ್ನೂ ಸ್ಪಷ್ಟವಾಗಿ ಕೆತ್ತಲಾಗಿದೆ. ಒಂದೇ ಕೊಂಬಿನ ಮಣ್ಣಿನ ಗೊಂಬೆಗಳೂ ಉತ್ಖನನದಲ್ಲಿ ಸಿಕ್ಕಿವೆ. ಇಂಥ ಮುದ್ರೆಗಳನ್ನು ದಿಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ನಾವು ನೋಡಬಹುದು.

ಮುದ್ರೆ ಎಂದರೆ ಒತ್ತಿ ಅಚ್ಚು ಪಡೆಯುವ ಸಾಧನ. ವರ್ತಕರು ಅದನ್ನು ಹಸಿಮಣ್ಣಿನ ಮೇಲೆ ಒತ್ತಿ ಸರಕಿನ ಕಟ್ಟುಗಳಿಗೆ ಗುರುತು ಹಾಕುತ್ತಿದ್ದರು. ಗುಜರಾತಿನ ಲೋಥಲ್‌ನಲ್ಲಿ ನಮ್ಮ ಶಿಕಾರಿಪುರ ರಂಗನಾಥ ರಾವ್ ಅವರು ನಡೆಸಿದ ಉತ್ಖನನದಲ್ಲಿ ಇಂಥ ಮಣ್ಣಿನ ಅಚ್ಚುಗಳು ದೊರೆತವು. ಅವುಗಳ ಹಿಂಬದಿಯಲ್ಲಿ ಹಗ್ಗ, ಬಟ್ಟೆಗಳ ಗುರುತು ಇನ್ನೂ ಉಳಿದಿದೆ. ಒಂದು ಗೆರೆಚಿತ್ರದಿಂದ ಬೇಕಾದಷ್ಟು ಪ್ರತಿ ತೆಗೆಯುವ ವಿದ್ಯೆ ಯೂನಿಕಾರ್ನ್ ಹಾಳೆಗೆ ಹೊಸತೇನಲ್ಲ ಎಂದಾಯಿತು. ಇನ್ನೊಂದು ಸಂಗತಿಯೂ ನಮಗೆ ಹಿತವೆನಿಸಿತು. ಆ ಮುದ್ರೆಗಳಲ್ಲಿ ಹೆಚ್ಚಿನವನ್ನು ಕೊರೆದದ್ದು ಮೃದುವಾದ ಬಳಪದ ಕಲ್ಲಿನಲ್ಲಿ. ಸ್ಲೇಟಿನ ಮೇಲೆ ನಾವು ಅಕ್ಷರ ತಿದ್ದಿದ ಬಳಪಕ್ಕೂ ಅದೇ ಹೆಸರು.

ಇಷ್ಟು ತಿಳಿದೊಡನೆ "ಯೂನಿಕಾರ್ನ್ ನಮ್ಮದೇ" ಎಂದು ಹಿರಿಯರಿಗೆ ಹೇಳಿಬಿಡುವ ಆಸೆ ನಮಗೂ ಆಯಿತು. ಚರಿತ್ರೆ ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಸಿಂಧೂ ನಗರಗಳು ಪಾಳುಬಿದ್ದು ಸಾವಿರಕ್ಕೂ ಹೆಚ್ಚು ವರ್ಷಗಳಾದ ಮೇಲೆ, ಕ್ರಿ.ಪೂ. 400ರ ಸುಮಾರಿಗೆ, ಕ್ಟೀಸಿಯಸ್ ಎಂಬ ಗ್ರೀಕ್ ವೈದ್ಯ ಭಾರತದ ಒಂಟಿಕೊಂಬಿನ ಕಾಡುಕತ್ತೆಯ ಬಗ್ಗೆ ಬರೆದ. ಆತ ಪರ್ಷಿಯದ ದೊರೆ ಎರಡನೆಯ ಅರ್ತಕ್ಸರ್ಕ್ಸಿಸನ ಆಸ್ಥಾನದಲ್ಲಿದ್ದವನು. ಭಾರತವನ್ನು ಕಂಡವನಲ್ಲ, ಆಸ್ಥಾನಕ್ಕೆ ಬಂದುಹೋಗುವವರ ಮಾತುಗಳನ್ನು ಕೇಳಿ ಬರೆದವನು. ಅವನಿಗೂ ಸಿಂಧೂ ಮುದ್ರೆಗಳಿಗೂ ನಂಟಿತ್ತೆನ್ನಲು ಆಧಾರವಿಲ್ಲ. ಆತ ಕೇಳಿದ ಕಥೆಗಳ ಹಿಂದೆ ನಮ್ಮ ಖಡ್ಗಮೃಗ ಇದ್ದಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ.

ಕ್ಟೀಸಿಯಸ್ ಕೊಟ್ಟ ವರ್ಣನೆಯನ್ನು ಓದಿದಾಗ ನಮಗೆ ಆ ಬಾಲಕಿ ನೆನಪಾದಳು. ಕುದುರೆಯಷ್ಟೋ ಅದಕ್ಕಿಂತ ದೊಡ್ಡದೋ ಆದ ಆ ಪ್ರಾಣಿಯ ಮೈ ಬಿಳಿ, ತಲೆ ಕಡುಗೆಂಪು, ಕಣ್ಣು ಕಡುನೀಲಿ. ಹಣೆಯ ಮೇಲೆ ಒಂದೂವರೆ ಮೊಳದ ಕೊಂಬು. ಅದರ ಬುಡ ಬಿಳಿ, ನಡು ಕಪ್ಪು, ತುದಿ ಕೆಂಪು. ಅವಳು ಬಳಿದ ಕೆಂಪು ತಲೆಗೂ ಕಪ್ಪು ಕೊಂಬಿಗೂ ಎರಡು ಸಾವಿರದ ನಾನೂರು ವರ್ಷಗಳ ಸಾಕ್ಷಿ ಇತ್ತು. ತಿದ್ದಿದ ಹುಡುಗನಿಗೆ ಅದನ್ನು ಹೇಳಲು ನಮಗಾಗ ತಿಳಿದಿರಲಿಲ್ಲ.

ಹಾಗಾದರೆ ಅದು ಪೂರ್ತಿ ಬೆಳ್ಳಗಾದದ್ದು ಎಂದು? ಕ್ರೈಸ್ತ ಯುಗದ ಆರಂಭದ ಶತಮಾನಗಳಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ 'ಫಿಸಿಯಾಲಗಸ್' ಎಂಬ ಪ್ರಾಣಿಕಥೆಗಳ ಗ್ರಂಥದಲ್ಲಿ, ಯಾರ ಕೈಗೂ ಸಿಗದ ಯೂನಿಕಾರ್ನ್ ಕನ್ಯೆಯೊಬ್ಬಳಿಗೆ ಮಾತ್ರ ಒಲಿದು ಸೆರೆಯಾಗುತ್ತದೆ. ಯುರೋಪು ಅದನ್ನು ಕ್ರಿಸ್ತನ ಮತ್ತು ಪಾವಿತ್ರ್ಯದ ಸಂಕೇತವಾಗಿ ಓದಿತು. ಬಿಳಿಯ ಬಣ್ಣ ಆ ಓದಿಗೆ ಒಪ್ಪುವಂಥದು. ಪ್ಯಾರಿಸಿನ ಕ್ಲೂನಿ ಸಂಗ್ರಹಾಲಯದಲ್ಲಿರುವ, 1500ರ ಸುಮಾರಿನ ಪ್ರಸಿದ್ಧ ಚಿತ್ರಗಂಬಳಿಗಳಲ್ಲಿ ಅದು ಬೆಳ್ಳಗೇ ಇದೆ. ಕಾಡಿನಲ್ಲಿ ಬೆಳೆದ ಮುಗ್ಧನನ್ನು ಹೆಣ್ಣು ಒಲಿಸಿ ಕರೆತರುವ ಕಥೆ ಕನ್ನಡಿಗರಿಗೆ ಅಪರಿಚಿತವೇನಲ್ಲ. ಶೃಂಗೇರಿಯ ಬಳಿಯ ಕಿಗ್ಗದಲ್ಲಿ ಇಂದಿಗೂ ಪೂಜೆಗೊಳ್ಳುವ ಋಷ್ಯಶೃಂಗನಿಗೆ ಬೌದ್ಧ ಕಥೆಗಳಲ್ಲಿ ಏಕಶೃಂಗನೆಂಬ ಹೆಸರಿದೆ. ಈ ಎರಡು ಕಥೆಗಳು ಒಂದೇ ಬೇರಿನವು ಎಂದು ಸೂಚಿಸಿದ ವಿದ್ವಾಂಸರಿದ್ದಾರೆ. ಅದು ಸೂಚನೆಯೇ ಹೊರತು ಸಿದ್ಧಾಂತವಲ್ಲ.

ಕಥೆಗಳು ಹೀಗೆ ಊರೂರು ಸುತ್ತುತ್ತಿರುವಾಗ ನಿಜವಾದ ಒಂಟಿಕೊಂಬಿನ ಪ್ರಾಣಿಯೇ ಒಮ್ಮೆ ಪಶ್ಚಿಮಕ್ಕೆ ಹೊರಟಿತು. ಗುಜರಾತಿನ ಸುಲ್ತಾನ ಮುಜಫ್ಫರ್ ಶಾಹನು ಪೋರ್ಚುಗೀಸರ ಆಲ್ಬುಕರ್ಕನಿಗೆ ಕಾಣಿಕೆಯಾಗಿ ಕೊಟ್ಟ ಖಡ್ಗಮೃಗ 1515ರ ಜನವರಿಯಲ್ಲಿ ಗೋವೆಯಿಂದ ಹಡಗೇರಿ ಮೇ 20ರಂದು ಲಿಸ್ಬನ್ ತಲುಪಿತು. ದೊರೆ ಮ್ಯಾನುಯೆಲ್ ಅದನ್ನು ಪೋಪನಿಗೆ ಕಳುಹಿಸಿದ. 1516ರ ಆರಂಭದಲ್ಲಿ ಇಟಲಿಯ ಕರಾವಳಿಯಲ್ಲಿ ಹಡಗು ಮುಳುಗಿ ಸಂಕೋಲೆಯಲ್ಲಿದ್ದ ಪ್ರಾಣಿ ಸತ್ತಿತು. ಅಷ್ಟರೊಳಗೆ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಆಲ್ಬ್ರೆಕ್ಟ್ ಡ್ಯೂರರ್, ಕೈಗೆ ಬಂದ ವರ್ಣನೆ ಮತ್ತು ಒಂದು ರೇಖಾಚಿತ್ರವನ್ನೇ ನಂಬಿ, ಮರದ ಅಚ್ಚಿನಲ್ಲಿ ಅದರ ಚಿತ್ರ ಮುದ್ರಿಸಿದ್ದ. ಮೈಗೆಲ್ಲ ಕವಚ, ಭುಜದ ಮೇಲೆ ಇಲ್ಲದ ಪುಟ್ಟ ಕೊಂಬೊಂದು. ಅವನೂ ಪ್ರಾಣಿಯನ್ನು ಕಂಡವನಲ್ಲ. ಆದರೂ ಯುರೋಪಿನ ಪಾಲಿಗೆ ಶತಮಾನಗಳ ಕಾಲ ಖಡ್ಗಮೃಗವೆಂದರೆ ಆ ಚಿತ್ರವೇ.

ಮಕ್ಕಳು ಗೆರೆಯೊಳಗೆ ಬಣ್ಣ ತುಂಬುವ ಪುಸ್ತಕಗಳು ಬಂದದ್ದು ಬಹಳ ತಡವಾಗಿ. ಅಮೆರಿಕದ ಮೆಕ್‌ಲಾಕ್ಲಿನ್ ಬ್ರದರ್ಸ್ ಪ್ರಕಾಶನ 1880ರ ಆಸುಪಾಸಿನಲ್ಲಿ ಅವನ್ನು ಜನಪ್ರಿಯಗೊಳಿಸಿತು. 1903ರಲ್ಲಿ ಕ್ರೇಯೋಲಾ ಬಣ್ಣದ ಕಡ್ಡಿಗಳು ಎಂಟರ ಪೆಟ್ಟಿಗೆಯಲ್ಲಿ ಐದು ಸೆಂಟಿಗೆ ಬಂದವು. ಕಾಮನಬಿಲ್ಲಿನ ಬಣ್ಣಗಳ ಯೂನಿಕಾರ್ನ್ ಮಕ್ಕಳ ಕೋಣೆಗೆ ದಾಂಗುಡಿಯಿಟ್ಟದ್ದು 1980ರ ದಶಕದ 'ಮೈ ಲಿಟಲ್ ಪೋನಿ'ಯಂಥ ಆಟಿಕೆಗಳ ಜೊತೆಗೆ. ಈಗ ಮನೆಯ ಪ್ರಿಂಟರಿನಿಂದಲೇ ಹೊರಬರುತ್ತದೆ.

ನಮ್ಮ ಮಕ್ಕಳಲ್ಲಿ ಹಲವರು ಕರ್ನಾಟಕವನ್ನು ಬಲ್ಲದ್ದೂ ಅಜ್ಜಿಯ ಫೋನಿನಿಂದ, ನಮ್ಮ ಮಾತಿನಿಂದ. ಕಾಣದ್ದನ್ನು ಕೇಳಿ ಬರೆದವರನ್ನು ನಾವು ಹಗುರವಾಗಿ ನೋಡುವಂತಿಲ್ಲ. ಹೇಳುವವರು ಮಾತ್ರ ಕಂಡದ್ದೆಷ್ಟು, ಊಹೆಯೆಷ್ಟು ಎಂಬುದನ್ನು ಬೇರ್ಪಡಿಸಿ ಹೇಳಬೇಕು. "ಇದು ನಮ್ಮದಲ್ಲ" ಎನ್ನುವುದಕ್ಕೂ "ಇದು ನಮ್ಮದೇ" ಎನ್ನುವುದಕ್ಕೂ ಈ ಎಚ್ಚರ ಸಲ್ಲುತ್ತದೆ.

ಬರುವ ಬೇಸಿಗೆಗೆ ನಾವು ಮೂರು ಹಾಳೆಗಳನ್ನು ಸಿದ್ಧಪಡಿಸುತ್ತಿದ್ದೇವೆ. ಪುಟ್ಟವರಿಗೆ ದಪ್ಪ ಗೆರೆಯಲ್ಲಿ ಸಿಂಧೂ ಮುದ್ರೆಯ ಪ್ರಾಣಿ. ನಡುವಿನವರಿಗೆ ಕ್ಟೀಸಿಯಸನ ಕಾಡುಕತ್ತೆ. ದೊಡ್ಡವರಿಗೆ ಡ್ಯೂರರನ ಕವಚದ ಖಡ್ಗಮೃಗ. ಹಿರಿಯರ ಗಂಡಭೇರುಂಡವೂ ನಾಲ್ಕನೆಯದಾಗಿ ಸೇರಲಿದೆ. ಅದನ್ನೂ ಯಾರೂ ಕಂಡವರಿಲ್ಲವಷ್ಟೆ. ಯಾವ ಹಾಳೆಯ ಮೂಲೆಯಲ್ಲೂ ಬಣ್ಣದ ಮಾದರಿ ಇರುವುದಿಲ್ಲ.